‘ನಮ್ಮ ಕಂಪನಿಗೇ ಯಾಕೆ?’ ಅಂದ್ರೆ ಏನು ಹೇಳ್ಬೇಕು ಅಂತ ಕೇಳೋರಿಗೆ

ಹೋದ ತಿಂಗಳು ನೆಂಟರ ಮನೆಯಲ್ಲಿ ವೈಕುಂಠ ಸಮಾರಾಧನೆ. ಎಲೆಗೆ ಆಗತಾನೆ ವಡೆ ಬಿದ್ದಿತ್ತು. ಪಕ್ಕದಲ್ಲಿ ಕೂತಿದ್ದ ದೊಡ್ಡಮ್ಮ ಮೊಣಕೈಯಲ್ಲಿ ತಿವಿದು, "ನೀನು ಎಚ್‌ಆರ್ ಅಲ್ವೇನೇ? ನಮ್ಮ ಹುಡುಗನಿಗೆ ಸೋಮವಾರ ಇಂಟರ್ವ್ಯೂ. ನಮ್ಮ ಕಂಪನಿಗೇ ಯಾಕೆ ಬಂದೆ ಅಂತ ಕೇಳ್ತಾರಂತೆ. ಅವರಿಗೆ ಇಷ್ಟ ಆಗೋ ಹಾಗೆ ಎರಡು ಲೈನ್ ಹೇಳಿಕೊಡು" ಅಂದರು.

2008ರಿಂದ ಬೆಂಗಳೂರಿನಲ್ಲಿ ಜನರನ್ನು ಕೆಲಸಕ್ಕೆ ಆರಿಸೋದೇ ನನ್ನ ಕೆಲಸ. ಈ ಎರಡು ಲೈನನ್ನು ಬಸ್ಸಲ್ಲಿ ಕೇಳಿದ್ದಾರೆ, ಹಲ್ಲಿನ ಡಾಕ್ಟರ್ ನನ್ನ ಬಾಯಿಗೆ ಹತ್ತಿ ತುರುಕಿ ಅವರ ಮಗಳಿಗೋಸ್ಕರ ಕೇಳಿದ್ದಾರೆ. ಇನ್ನು ಬಾಯಲ್ಲಿ ಹೇಳಲ್ಲ. ಬರೆದು ಇಟ್ಟಿರ್ತೀನಿ, ಓದಿಕೊಳ್ಳಿ.

ಮೊದಲಿಗೆ, ‘ಅವರಿಗೆ ಇಷ್ಟ ಆಗೋ ಹಾಗೆ’ ಅಂತೀರಲ್ಲ, ಅಲ್ಲೇ ನನಗೆ ಮೈ ಉರಿಯೋದು. ಪ್ರಶ್ನೆ ಇರೋದು ನೀವು ಯಾಕೆ ಬಂದಿರಿ ಅಂತ. ಅದಕ್ಕೆ ಉತ್ತರ ನನ್ನ ಹತ್ತಿರ ಹೇಗಿರುತ್ತೆ? ಆದರೂ ಎಲ್ಲರ ಬಾಯಲ್ಲೂ ಒಂದೇ ಉತ್ತರ: "ನಿಮ್ಮ ಕಂಪನಿಯ ವ್ಯಾಲ್ಯೂಸ್ ನನ್ನ ವ್ಯಾಲ್ಯೂಸ್ ಜೊತೆ ಅಲೈನ್ ಆಗುತ್ತೆ." ಅಂದರೆ ನಿಮ್ಮ ಆದರ್ಶವೂ ನನ್ನ ಆದರ್ಶವೂ ಒಂದೇ ಅಂತೆ. ಬೆಳಗ್ಗೆ ಹತ್ತರಿಂದ ಸಂಜೆ ಐದರವರೆಗೆ ಹದಿನಾಲ್ಕು ಜನ ಇದನ್ನೇ ಹೇಳಿದರೆ ಕಿವಿಗೆ ಸುಪ್ರಭಾತದ ಹಾಗೆ ಕೇಳಿಸುತ್ತೆ, ಅರ್ಥ ಯಾರಿಗೂ ಬೇಕಿಲ್ಲ. ಒಬ್ಬ ಪುಣ್ಯಾತ್ಮ ಇದೇ ಮಾತನ್ನು ನಮ್ಮ ಎದುರಾಳಿ ಕಂಪನಿಯ ಹೆಸರು ಹಿಡಿದು ಹೇಳಿದ. ಅವನನ್ನೂ ತಗೊಂಡ್ವಿ, ಕೋಡಿಂಗ್ ಚೆನ್ನಾಗಿತ್ತು.

ತಪ್ಪು ನಿಮ್ಮದೊಂದೇ ಅಂತ ಹೇಳ್ತಿಲ್ಲ. ಈ ನಾಟಕ ಶುರು ಮಾಡಿದವರು ನಾವು. 2009ರ ಜನವರಿ 7ಕ್ಕೆ ನಾನು ಕೆಲಸಕ್ಕೆ ಸೇರಿ ಆರು ತಿಂಗಳಾಗಿತ್ತು. ಹೈದರಾಬಾದಿನ ಸತ್ಯಂ ಸಾಫ್ಟ್‌ವೇರ್ ಕಂಪನಿಯ ಅಧ್ಯಕ್ಷ ರಾಮಲಿಂಗ ರಾಜು ಅವತ್ತೇ ಪತ್ರ ಬರೆದು, ಲೆಕ್ಕದಲ್ಲಿ ತೋರಿಸಿದ್ದ 5,040 ಕೋಟಿ ರೂಪಾಯಿ ನಗದು ಇಲ್ಲವೇ ಇಲ್ಲ ಅಂತ ಒಪ್ಪಿಕೊಂಡದ್ದು. ಹೆಸರು ಸತ್ಯಂ. ಹಿಂದಿನ ವರ್ಷವಷ್ಟೇ ಒಳ್ಳೆ ಆಡಳಿತಕ್ಕೆ ಅಂತ ಗೋಲ್ಡನ್ ಪೀಕಾಕ್ ಪ್ರಶಸ್ತಿ ಬೇರೆ ಬಂದಿತ್ತು. ಅದಾದ ಮೇಲೆ ಅಲ್ಲಿಯವರ ರೆಸ್ಯೂಮೆ ನಮ್ಮ ಮೇಜಿಗೆ ಸುರಿಯೋಕೆ ಶುರುವಾಯಿತು. ನಮಗೆ ಕೊಟ್ಟಿದ್ದ ಹಾಳೆಯಲ್ಲಿ ಮೂರನೇ ಪ್ರಶ್ನೆ: ‘ಈಗಿನ ಕಂಪನಿ ಯಾಕೆ ಬಿಡ್ತಿದ್ದೀರಿ?’ ನಾನು ಆ ಜನಕ್ಕೂ ಕೇಳಿದೆ ಕಣ್ರೀ. ಹಾಳೆಯಲ್ಲಿತ್ತು, ಕೇಳಿದೆ. ಒಬ್ಬರು ಮುಖ ನೋಡಿ, "ಮೇಡಂ, ಪೇಪರ್ ಓದಲ್ವಾ?" ಅಂದರು.

ಆದರೆ ನನ್ನನ್ನು ಕಾಡೋದು ಅದಲ್ಲ. 2016ರ ಒಂದು ಶನಿವಾರ, ಎಲೆಕ್ಟ್ರಾನಿಕ್ ಸಿಟಿಯಲ್ಲಿ ವಾಕ್-ಇನ್ ಇಂಟರ್ವ್ಯೂ. ತಿಪಟೂರು ಕಡೆಯ ಡಿಪ್ಲೊಮಾ ಹುಡುಗ. ಮಾರ್ಕ್ಸ್ ಕಾರ್ಡೆಲ್ಲ ಒಂದು ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರಲ್ಲಿ, ಕವರಿನ ಬಾಯಿಗೆ ರಬ್ಬರ್ ಬ್ಯಾಂಡ್. ಟೆಕ್ನಿಕಲ್ ರೌಂಡ್ ಪಾಸಾಗಿ ನನ್ನ ಮುಂದೆ ಬಂದಿದ್ದ. ಅವನನ್ನೂ ಕೇಳಿದೆ, ನಮ್ಮ ಕಂಪನಿಗೇ ಯಾಕೆ?

"ಇಲ್ಲಿ ಒಂದನೇ ತಾರೀಕು ಸಂಬಳ ಆಗುತ್ತಂತೆ ಮೇಡಂ. ರೂಮ್‌ಮೇಟ್ ಹೇಳಿದ. ಈಗಿರೋ ಕಡೆ ಎರಡು ತಿಂಗಳಿಂದ ಆಗಿಲ್ಲ" ಅಂದ.

ಅವನ ತಲೆಯ ಹಿಂದೆ ಗೋಡೆಯಲ್ಲಿ ಗಾಜು ಹಾಕಿದ ಚೌಕಟ್ಟು, ಅದರೊಳಗೆ ನಮ್ಮ ಕಂಪನಿಯ ವ್ಯಾಲ್ಯೂಸ್. ಮೊದಲನೇ ಸಾಲೇ ‘ಪ್ರಾಮಾಣಿಕತೆ’, ಇಂಗ್ಲಿಷಿನಲ್ಲಿ. ನಾನು ಹಾಳೆಯಲ್ಲಿ ‘ಕಲ್ಚರ್ ಫಿಟ್’ (ನಮ್ಮ ಕಂಪನಿಗೆ ಹೊಂದ್ತಾನಾ) ಅನ್ನೋ ಕಡೆ ಇಂಟು ಹಾಕಿ, ಪಕ್ಕದಲ್ಲಿ ‘ದುಡ್ಡಿನ ಮೇಲೇ ಗಮನ’ ಅಂತ ಬರೆದೆ. ಅವತ್ತು ವ್ಯಾಲ್ಯೂಸ್ ಅಲೈನ್ ಮಾಡಿದ ಇನ್ನೊಬ್ಬನಿಗೆ ಆಫರ್ ಲೆಟರ್ ಹೋಯಿತು. ಸೇರುವ ದಿನ ಅವನ ಫೋನ್ ಸ್ವಿಚ್ ಆಫ್.

ಸಂಬಳ ಹೊತ್ತಿಗೆ ಸರಿಯಾಗಿ ಕೊಡಿ ಅನ್ನೋದು ಆ ಹುಡುಗನ ದುರಾಸೆ ಏನಲ್ಲ. 1936ರ ವೇತನ ಪಾವತಿ ಕಾಯ್ದೆಯಲ್ಲೇ ಇತ್ತು: ಸಾವಿರಕ್ಕಿಂತ ಕಡಿಮೆ ಕೆಲಸಗಾರರಿದ್ದರೆ 7ನೇ ತಾರೀಕಿನೊಳಗೆ, ಜಾಸ್ತಿ ಇದ್ದರೆ 10ರೊಳಗೆ. ಎಂಬತ್ತು ವರ್ಷ ಹಳೆಯ ಮಾತನ್ನು ಅವನು ಹೇಳಿದ್ದಕ್ಕೆ ನಾನು ಇಂಟು ಹಾಕಿದ್ದೆ. ನನಗೂ ತಿಂಗಳಿಗೆ ಇಷ್ಟು ಜನ ಅಂತ ಟಾರ್ಗೆಟ್ ಇತ್ತು, ಹಾಳೆ ನಾನು ಮಾಡಿದ್ದಲ್ಲ ಅಂತೆಲ್ಲ ಹೇಳಬಹುದು. ಹೇಳಿಯೂ ಇದ್ದೀನಿ. ಅಂದ ಹಾಗೆ ನನ್ನ ಮೊದಲ ಇಂಟರ್ವ್ಯೂನಲ್ಲಿ ನಾನು ಕೊಟ್ಟ ಉತ್ತರ, "ಜನರ ಜೊತೆ ಬೆರೆಯೋದು ಅಂದ್ರೆ ನನಗೆ ಪ್ರಾಣ." ನಿಜ ಏನಂದ್ರೆ ಪಿಜಿ ಬಾಡಿಗೆ ಕಟ್ಟೋಕೆ ದುಡ್ಡಿರಲಿಲ್ಲ. ಜನ ಅಂದ್ರೆ ನನಗೆ ಅವತ್ತೂ ಅಷ್ಟಕ್ಕಷ್ಟೇ.

ಇಷ್ಟು ವರ್ಷದಲ್ಲಿ ಒಬ್ಬರೂ ಕೇಳದ ಪ್ರಶ್ನೆ ಒಂದಿದೆ. ‘ನಾವು ಅವರನ್ನ ಏನು ಕೇಳಬೇಕು?’ ಅದನ್ನ ಕೇಳಿ, ಊಟ ಬಿಟ್ಟು ಹೇಳ್ತೀನಿ.

ಸಿಟಿಸಿ, ಅಂದ್ರೆ ಕಂಪನಿ ನಿಮಗೋಸ್ಕರ ವರ್ಷಕ್ಕೆ ಮಾಡೋ ಒಟ್ಟು ಖರ್ಚು, 6 ಲಕ್ಷ ಅಂದ ತಕ್ಷಣ ತಿಂಗಳಿಗೆ 50 ಸಾವಿರ ಅಂತ ಮನೆಯಲ್ಲಿ ಹೋಳಿಗೆ ಮಾಡಿಬಿಡ್ತೀರಿ. ತಡೀರಿ. ಅದರಲ್ಲಿ 10 ಪರ್ಸೆಂಟ್ ವೇರಿಯಬಲ್ (ಕೆಲಸ, ಲಾಭ ನೋಡಿ ಕೊಟ್ಟರೆ ಕೊಟ್ಟರು ಅನ್ನೋ ಭಾಗ) ಅಂದರೆ 60,000 ಪಕ್ಕಕ್ಕೆ ಹೋಯಿತು. ಬೇಸಿಕ್ ಸಂಬಳ 2,40,000 ಅಂತಿಟ್ಟುಕೊಳ್ಳಿ, ಕಂಪನಿ ಕಟ್ಟೋ ಪಿಎಫ್ 12 ಪರ್ಸೆಂಟ್, 28,800. ಅದೂ ನಿಮ್ಮ ಸಿಟಿಸಿ ಒಳಗೇ. ಗ್ರಾಚುಟಿ (ಕೆಲಸ ಬಿಡುವಾಗ ಕೊಡೋ ಇಡುಗಂಟು) ಅಂತ ಇನ್ನೊಂದು 11,500 ಚಿಲ್ಲರೆ, ಖಾಯಂ ಕೆಲಸದವರು ಐದು ವರ್ಷ ಇದ್ದರೆ ಮಾತ್ರ ಕಣ್ಣಿಗೆ ಕಾಣೋ ದುಡ್ಡು. ಆಮೇಲೆ ನಿಮ್ಮ ಪಾಲಿನ ಪಿಎಫ್ ಇನ್ನೊಂದು 28,800. ವೃತ್ತಿ ತೆರಿಗೆಯನ್ನೂ ಕಳೆದು ಕೈಗೆ ಬರೋದು 39 ಸಾವಿರದ ಆಸುಪಾಸು. ಪಿಎಫ್ ಎಲ್ಲೂ ಹೋಗಲ್ಲ, ನಿಮ್ಮದೇ. ಆದರೆ ಮನೆ ಓನರ್‌ಗೆ ಪಿಎಫ್ ಪಾಸ್‌ಬುಕ್ ತೋರಿಸೋಕಾಗಲ್ಲ.

ಹಾಗಾಗಿ ಕೇಳಿ. ಹೋದ ವರ್ಷ ವೇರಿಯಬಲ್ ನಿಜವಾಗಿ ಎಷ್ಟು ಕೊಟ್ರಿ? ಈ ಸೀಟಲ್ಲಿ ನನಗಿಂತ ಮುಂಚೆ ಯಾರಿದ್ರು, ಯಾಕೆ ಹೋದ್ರು? ನಾನು ಬಿಡೋದಾದ್ರೆ 90 ದಿನ ನೋಟಿಸ್, ನೀವು ಬಿಡಿಸೋದಾದ್ರೆ ಎಷ್ಟು ದಿನ? ಈ ಕೊನೆಯದಕ್ಕೆ ಎದುರಿಗಿರೋರು ನೀರು ಕುಡೀತಾರೆ. ನಾನೂ ಕುಡಿದಿದ್ದೀನಿ. ಮಾರ್ಕ್ಸ್ ಕಾರ್ಡಿನ ಒರಿಜಿನಲ್ ನಮ್ಮಲ್ಲೇ ಇರಲಿ ಅಂದರೆ ಪ್ರಶ್ನೆಯೂ ಬೇಡ, ಎದ್ದು ಬನ್ನಿ. ಕಂಪನಿಯ ವ್ಯಾಲ್ಯೂಸ್ ಏನು ಅಂತ ನೋಡೋಕೆ ಗೋಡೆ ಬೇಡ, ಆಫರ್ ಲೆಟರಿನ ನಾಲ್ಕನೇ ಪುಟದ ಸಣ್ಣ ಅಕ್ಷರ ಸಾಕು.

ಕೇಳಿದ್ರೆ ಕೆಲಸ ಕೊಡಲ್ವೇನೋ ಅಂತ ಭಯ, ಅಲ್ವಾ? ಕೆಲವರು ಕೊಡಲ್ಲ, ಸುಳ್ಳು ಯಾಕೆ ಹೇಳಲಿ. ಮನೆಯಲ್ಲಿ ಇಎಂಐ ಇದ್ದು, ಕೈಯಲ್ಲಿ ಬೇರೆ ಆಫರ್ ಇಲ್ಲದವರು ಮೊದಲು ಸೇರಿಕೊಳ್ಳಿ. ಹಾಗೆ ಸೇರಿದವರನ್ನ ನಾನು ಇನ್ಮುಂದೆ ಕೀಳಾಗಿ ನೋಡಲ್ಲ.

ಇಷ್ಟು ಓದಿದ ಮೇಲೂ ದೊಡ್ಡಮ್ಮನ ಹಾಗೆ ಎರಡು ಲೈನ್ ಬೇಕೇ ಬೇಕು ಅನ್ನೋರಿಗೆ, ತಗೊಳ್ಳಿ: "ಈ ಕೆಲಸ ನನಗೆ ಬರುತ್ತೆ. ನಿಮ್ಮಲ್ಲಿ ಸಂಬಳ ಒಂದನೇ ತಾರೀಕೇ ಆಗುತ್ತೆ ಅಂತ ಕೇಳಿದೆ, ಅದಕ್ಕೇ ಬಂದೆ." ಎರಡನೇ ಲೈನಿಗೆ ಅವರು ಮುಖ ಸಿಂಡರಿಸಿದರೆ ನನಗೆ ಫೋನ್ ಮಾಡಿ ಬೈಯಿರಿ. ಊಟದ ಹೊತ್ತಲ್ಲಿ ಮಾತ್ರ ಬೇಡ. ಅವತ್ತಿನ ವಡೆ ತಣ್ಣಗಾಗೇ ಹೋಯ್ತು.