ನಡಾವಳಿಯಲ್ಲಿ ಬರೆಸಿದಿರಾ?

ನಮ್ಮೂರ ಅಂಗನವಾಡಿ ಮುಂದೆ ಚರಂಡಿಗೆ ಹಾಸಿದ್ದ ಚಪ್ಪಡಿ ಮುರಿದು ಬಿದ್ದು ಒಂದೂವರೆ ವರ್ಷ ಹಾಗೇ ಇತ್ತು. ಮಕ್ಕಳು ಕಾಲು ಹಾಕಬಾರದು ಅಂತ ಯಾರೋ ಅದರ ಮೇಲೆ ಜಾಲಿಮುಳ್ಳಿನ ಕೊಂಬೆ ಇಟ್ಟಿದ್ದರು. ಒಣಗಿ ಮುರಿದರೆ ಇನ್ಯಾರೋ ಹೊಸ ಕೊಂಬೆ ತಂದು ಇಡುತ್ತಿದ್ದರು. ಅಂದರೆ ಊರಿನವರಿಗೆ ಕಾಳಜಿ ಇರಲಿಲ್ಲ ಅಂತಲ್ಲ. ಮೆಂಬರ್‌ಗೆ ಹೇಳಿದ್ದೆವು, ನೀರುಗಂಟಿ ಕೈಲಿ ಹೇಳಿ ಕಳಿಸಿದ್ದೆವು, ಪಂಚಾಯಿತಿ ಕಡೆ ಹೋದವರೆಲ್ಲ ಒಂದು ಮಾತು ಹಾಕಿ ಬಂದಿದ್ದರು. "ಆಯ್ತು, ಮಾಡಿಸೋಣ" ಅಂತ ಎಲ್ಲರೂ ಅಂದಿದ್ದರು. ಆದರೆ ಅಷ್ಟೂ ಬಾಯಿಮಾತು. ಎಲ್ಲೂ ಒಂದು ಸಾಲು ಬರಹದಲ್ಲಿ ಇರಲಿಲ್ಲ.

ಕಳೆದ ವರ್ಷ ನಾನು ಮೊದಲ ಸಲ ವಾರ್ಡ್ ಸಭೆಗೆ ಹೋದೆ. ಅಲ್ಲಿಯವರೆಗೆ ನನಗೆ ಸಭೆ ಅಂದರೆ ಮನೆ ಬಾಗಿಲಿಗೆ ಬರುತ್ತಿದ್ದ ಹಾಜರಿ ಪುಸ್ತಕ. "ಅಕ್ಕಾ, ಇಲ್ಲೊಂದು ಸಹಿ ಹಾಕಿ" ಅಂದರೆ ಕೈ ಸೆರಗಿಗೆ ಒರೆಸಿಕೊಂಡು ಸಹಿ ಹಾಕಿ ಮತ್ತೆ ಒಲೆ ಮುಂದೆ ಹೋಗುತ್ತಿದ್ದೆ. ಹೋಗದೇ ಇದ್ದ ಸಭೆಗೆ ಹೋಗಿದ್ದೆ ಅಂತ ನಾನೇ ಬರೆದುಕೊಟ್ಟ ಹಾಗಾಯಿತು, ಅಲ್ವಾ? ಈಗ ನೆನೆಸಿಕೊಂಡರೆ ಸಂಕಟವಾಗುತ್ತದೆ. ದಯವಿಟ್ಟು ಯಾರೂ ಹಾಗೆ ಸಹಿ ಹಾಕಬೇಡಿ. ಆ ಸಹಿಯಿಂದಲೇ ಕೋರಂ, ಅಂದರೆ ಸಭೆ ನಡೆಯಲು ಕನಿಷ್ಠ ಇರಬೇಕಾದ ಜನರ ಲೆಕ್ಕ, ತುಂಬುತ್ತದೆ, ನಮ್ಮನ್ನು ಕೇಳದೆ ತೀರ್ಮಾನ ಆಗಿಬಿಡುತ್ತದೆ.

ನಮ್ಮ ರಾಜ್ಯದ 1993ರ ಪಂಚಾಯತ್ ರಾಜ್ ಕಾಯ್ದೆ ಪ್ರಕಾರ ವಾರ್ಡ್ ಸಭೆ, ಗ್ರಾಮ ಸಭೆ ಎರಡೂ ಆರು ತಿಂಗಳಿಗೆ ಒಂದು ಸಲವಾದರೂ ನಡೆಯಲೇಬೇಕು. ಮತದಾರರ ಪಟ್ಟಿಯಲ್ಲಿ ಹೆಸರಿದ್ದರೆ ಸಾಕು, ನೀವು ಅದರ ಸದಸ್ಯರೇ. ಯಾರೂ ಕರೆಯಬೇಕಿಲ್ಲ, ಯಾರ ಅಪ್ಪಣೆಯೂ ಬೇಡ. ವಾರ್ಡ್ ಸಭೆಗೆ ಬೇಕಾದ ಕೋರಂ ಎಷ್ಟು ಗೊತ್ತಾ? ಮತದಾರರಲ್ಲಿ ನೂರಕ್ಕೆ ಹತ್ತು ಜನ, ಇಲ್ಲವೇ 20 ಜನ, ಯಾವುದು ಕಡಿಮೆಯೋ ಅಷ್ಟು. ಇಪ್ಪತ್ತು ಜನ! ನಮ್ಮೂರಲ್ಲಿ ಬೆಳಿಗ್ಗೆ ಡೈರಿ ಮುಂದೆ ಕ್ಯಾನ್ ಹಿಡಿದು ನಿಲ್ಲುವವರೇ ಅದಕ್ಕಿಂತ ಜಾಸ್ತಿ ಇರುತ್ತಾರೆ. ವಸತಿ ಯೋಜನೆಯ ಮನೆ ಯಾರಿಗೆ ಸಿಗಬೇಕು ಅನ್ನುವ ಪಟ್ಟಿಯೂ ಗ್ರಾಮ ಸಭೆ ಮುಂದೆ ಬರಬೇಕು. ಆಮೇಲೆ ಅರಳಿಕಟ್ಟೆ ಮೇಲೆ ಕೂತು "ಅವನಿಗೆ ಹೇಗೆ ಸಿಕ್ತು, ಇವನಿಗೆ ಯಾಕೆ ಸಿಗಲಿಲ್ಲ" ಅಂತ ಬೈದುಕೊಳ್ಳುವ ನಾವು ಆ ದಿನ ಎಲ್ಲಿದ್ದೆವು?

ಹಳಬರು ಅಬ್ದುಲ್ ನಜೀರ್ ಸಾಬ್ ಅವರನ್ನು ಇವತ್ತಿಗೂ "ನೀರ್ ಸಾಬ್" ಅಂತ ನೆನೆಯುತ್ತಾರೆ, ಹಳ್ಳಿ ಹಳ್ಳಿಗೆ ಬೋರ್‌ವೆಲ್ ಹಾಕಿಸಿದ್ದಕ್ಕೆ. ಆದರೆ ಅವರು ಪಂಚಾಯತ್ ರಾಜ್ ಮಂತ್ರಿಯಾಗಿ ಮಾಡಿದ ದೊಡ್ಡ ಕೆಲಸ ಇನ್ನೊಂದು. 1987ರಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳು ಬಂದು ಊರಿನ ಕೆಲಸ ಊರಿನವರ ಕೈಗೆ ಬರಲು ಶುರುವಾಗಿದ್ದು ಅವರ ಕಾಲದಲ್ಲಿ. ಅಷ್ಟು ಕಷ್ಟಪಟ್ಟು ಬಂದ ಅಧಿಕಾರವನ್ನು ನಾವು ಸುಮ್ನೆ ಬಿಟ್ಟುಕೊಡುತ್ತಿದ್ದೇವಲ್ಲ ಅನ್ನುವುದೇ ನನ್ನ ಬೇಸರ.

ಚಪ್ಪಡಿ ವಿಷಯಕ್ಕೆ ಬರುತ್ತೇನೆ. ಸಭೆ ನಡೆದಿದ್ದು ಶಾಲೆ ಜಗಲಿಯಲ್ಲಿ. ಪಕ್ಕದ ಮನೆ ದೊಡ್ಡಮ್ಮ, ನಮ್ಮ ಸ್ವಸಹಾಯ ಸಂಘದ ಏಳೆಂಟು ಜನ, ಅಂಗನವಾಡಿಗೆ ಮಕ್ಕಳನ್ನು ಕಳಿಸುವ ತಾಯಂದಿರು ಎಲ್ಲ ಸೇರಿ ಹೋಗಿದ್ದೆವು. ಚಪ್ಪಡಿ ವಿಷಯ ಎತ್ತಿದ ತಕ್ಷಣ ಪಂಚಾಯಿತಿಯವರಿಂದ ಅದೇ ಹಳೇ ಉತ್ತರ, "ನಮಗೂ ಗೊತ್ತಿದೆ, ನೋಡೋಣ ಬಿಡಿ." ನಾನು ಕೂತುಬಿಡುತ್ತಿದ್ದೆನೋ ಏನೋ. ದೊಡ್ಡಮ್ಮ ಎದ್ದು ನಿಂತರು. ಅವರಿಗೆ ಓದು ಬರಹ ಬರುವುದಿಲ್ಲ. ಸಭೆಯಲ್ಲಿ ಆದದ್ದನ್ನು ಬರೆದಿಡುವ ನಡಾವಳಿ ಪುಸ್ತಕದ ಕಡೆ ಬೆರಳು ತೋರಿಸಿ, "ಅದ್ರಾಗೆ ಬರಿಯಪ್ಪ. ಬರೆದು ಒಂದ್ಸಲ ಜೋರಾಗಿ ಓದು" ಅಂದರು. ಜಗಲಿಯೆಲ್ಲ ಗಪ್‌ಚುಪ್. ಬರೆದರು. "ಅಂಗನವಾಡಿ ಮುಂಭಾಗದ ಚರಂಡಿಗೆ ಚಪ್ಪಡಿ ಅಳವಡಿಸುವ ಬಗ್ಗೆ" ಅಂತ ಓದಿದರು. ನಾವು ಹದಿನಾಲ್ಕು ಜನ ಸಹಿ ಹಾಕಿ ತಂದಿದ್ದ ಅರ್ಜಿಯನ್ನೂ ಕೊಟ್ಟು, ಜೆರಾಕ್ಸ್ ಪ್ರತಿ ಮೇಲೆ ಸೀಲು ಹಾಕಿಸಿ ಸ್ವೀಕೃತಿ ತೆಗೆದುಕೊಂಡೆವು.

ಮರುದಿನವೇ ಕೆಲಸ ಆಗಲಿಲ್ಲ. ವಾರ್ಡ್ ಸಭೆಯಿಂದ ಗ್ರಾಮ ಸಭೆಗೆ ಹೋಗಬೇಕು, ಅಲ್ಲಿಂದ ಕ್ರಿಯಾ ಯೋಜನೆಗೆ, ಅಂದರೆ ಪಂಚಾಯಿತಿ ಮಾಡಬೇಕಾದ ಕೆಲಸಗಳ ಪಟ್ಟಿಗೆ, ಸೇರಬೇಕು. ನಡುವೆ ಎರಡು ತಿಂಗಳು ಏನೂ ಸುದ್ದಿಯಿಲ್ಲ. ಆಗ ಮಾಹಿತಿ ಹಕ್ಕಿನಲ್ಲಿ ಆ ಸಭೆಯ ನಡಾವಳಿ ಪ್ರತಿ ಮತ್ತು ಅದರ ಮೇಲೆ ಏನು ಕ್ರಮ ಆಗಿದೆ ಅಂತ ಕೇಳಿದೆ. ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಸಾಕು. ಬಿಪಿಎಲ್ ಕಾರ್ಡ್ ಇದ್ದರೆ ಅದೂ ಇಲ್ಲ. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ ಬರೆಯಬೇಕು ಅನ್ನುವುದನ್ನು ಮರೆಯಬೇಡಿ. 30 ದಿನದಲ್ಲಿ ಉತ್ತರ ಕೊಡಬೇಕು. ಯಾರ ಮೇಲೂ ಜಗಳಕ್ಕೆ ಹೋಗಲಿಲ್ಲ, ದನಿ ಏರಿಸಲಿಲ್ಲ. ಪಂಚಾಯಿತಿಯವರೂ ನಮ್ಮವರೇ, ನಾಳೆ ಮದುವೆ ಮನೆಯಲ್ಲಿ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂರಬೇಕು. ಆದರೆ ಕಾಗದದಲ್ಲಿ ಇರುವುದನ್ನು ಕಾಗದದಲ್ಲೇ ಕೇಳಿದರೆ ಉತ್ತರ ಬರುತ್ತದೆ.

ಸಂಕ್ರಾಂತಿ ಕಳೆದ ಮೇಲೆ ಟ್ರ್ಯಾಕ್ಟರಿನಲ್ಲಿ ಎರಡು ಚಪ್ಪಡಿ ಬಂದವು. ನಾಲ್ಕು ಜನ ಹಾರೆ ಹಾಕಿ ಸರಿಸಿ ಕೂರಿಸಿದರು. ಜಾಲಿಮುಳ್ಳನ್ನು ದೊಡ್ಡಮ್ಮ ಕೋಲಿನಲ್ಲಿ ಎಳೆದು ಬೇಲಿಗೆ ಹಾಕಿದರು. ಮಾರನೇ ದಿನ ಮಕ್ಕಳು ಅದರ ಮೇಲೆ ಕುಣಿಯುತ್ತಾ ಒಳಗೆ ಹೋಗುವುದನ್ನು ನೋಡುತ್ತಾ ನಾನು ಸುಮಾರು ಹೊತ್ತು ಅಲ್ಲೇ ನಿಂತಿದ್ದೆ.

ಮುಂದಿನ ವಾರ ಮತ್ತೆ ವಾರ್ಡ್ ಸಭೆ ಇದೆ. ಈ ಸಲ ಶುದ್ಧ ಕುಡಿಯುವ ನೀರಿನ ಘಟಕದ ವಿಷಯ. ಕೆಟ್ಟು ನಿಂತು ಎರಡು ತಿಂಗಳಾಯಿತು, ಹೆಂಗಸರು ಪಕ್ಕದೂರಿಂದ ಕ್ಯಾನ್ ಹೊತ್ತು ತರುತ್ತಿದ್ದಾರೆ. ಅರ್ಜಿ ಬರೆದಿಟ್ಟಿದ್ದೇನೆ, ಒಂಬತ್ತು ಸಹಿ ಆಗಿದೆ. ಉಳಿದದ್ದನ್ನು ನಾಳೆ ಬೆಳಿಗ್ಗೆ ಡೈರಿ ಹತ್ತಿರ ಹಾಕಿಸಬೇಕು.