ಫೋಟೋ ತೆಗೆದ ಮೇಲೂ ವಾಪಸ್ ಹೋಗ್ತಿದ್ದ ಮೇರಿ ಎಲೆನ್ ಮಾರ್ಕ್

ಬೆಂಗಳೂರಿನ ಚರ್ಚ್ ಸ್ಟ್ರೀಟಲ್ಲಿ ಹಳೇ ಪುಸ್ತಕ ಹುಡುಕ್ತಾ ನಿಂತಿದ್ದಾಗ ಒಂದು ದೊಡ್ಡ ಫೋಟೋ ಪುಸ್ತಕ ಕೈಗೆ ಸಿಕ್ತು, ತೆಗೆದ ಪುಟದಲ್ಲೇ ಒಬ್ಬ ಸರ್ಕಸ್ ಮಾವುತ. ಮೈಮೇಲೆ ಯೂನಿಫಾರ್ಮು, ಆನೆ ಸೊಂಡಿಲು ಅವನ ಕುತ್ತಿಗೆಗೆ ಶಲ್ಯದ ಥರ ಸುತ್ಕೊಂಡಿದೆ, ಅವನು ನೆಟ್ಟಗೆ ನಮ್ಮನ್ನೇ ನೋಡ್ತಿದಾನೆ. ಕೆಳಗೆ ಅವನ ಹೆಸರಿತ್ತು, ರಾಮ್ ಪ್ರಕಾಶ್ ಸಿಂಗ್. ಆನೆ ಹೆಸರೂ ಇತ್ತು, ಶ್ಯಾಮಾ. ಗ್ರೇಟ್ ಗೋಲ್ಡನ್ ಸರ್ಕಸ್, ಅಹಮದಾಬಾದ್, 1990. ನಾನಾಗಲೇ ಆರೇಳು ವರ್ಷದಿಂದ ದಾವಣಗೆರೆ ಕಡೆ ಮದುವೆ, ನಾಮಕರಣ, ಪಾಸ್‌ಪೋರ್ಟ್ ಸೈಜು ಅಂತ ಫೋಟೋ ತೆಗೆದು ಹೊಟ್ಟೆ ಹೊರೀತಿದ್ದವನು, ಬಿಡುವಾದಾಗ ಜಾತ್ರೆ ಸಂತೆ ಸುತ್ತಿ ಅಪರಿಚಿತರ ಮುಖಗಳನ್ನೂ ತೆಗೀತಿದ್ದೆ, ಆದ್ರೆ ಒಬ್ಬರ ಹೆಸರನ್ನೂ ಕೇಳಿರಲಿಲ್ಲ. ಅದು ಆ ಪುಟ ನೋಡೋವರೆಗೂ ತಪ್ಪು ಅಂತ ಅನ್ನಿಸಿರಲೇ ಇಲ್ಲ.

ಆ ಫೋಟೋ ತೆಗೆದವರು ಅಮೆರಿಕದ ಮೇರಿ ಎಲೆನ್ ಮಾರ್ಕ್. 1940ರಲ್ಲಿ ಫಿಲಡೆಲ್ಫಿಯಾದಲ್ಲಿ ಹುಟ್ಟಿ, ಒಂಬತ್ತನೇ ವಯಸ್ಸಿಗೇ ಬಾಕ್ಸ್ ಬ್ರೌನಿ ಕ್ಯಾಮೆರಾ ಹಿಡಿದು, ಪೇಂಟಿಂಗ್ ಓದಿ, ಆಮೇಲೆ ಫೋಟೋ ಜರ್ನಲಿಸಂ ಓದಿ, 1965ರಲ್ಲಿ ಫುಲ್‌ಬ್ರೈಟ್ ಸ್ಕಾಲರ್‌ಶಿಪ್ ಮೇಲೆ ಟರ್ಕಿಗೆ ಹೋದವರು. ಅಲ್ಲಿಂದ ಶುರುವಾದ ತಿರುಗಾಟ 2015ರಲ್ಲಿ ತೀರ್ಕೊಳ್ಳೋವರೆಗೂ ನಿಲ್ಲಲಿಲ್ಲ. ಹೊಟ್ಟೆಪಾಡಿಗೆ ಸಿನಿಮಾ ಸೆಟ್‌ಗಳಲ್ಲಿ ಸ್ಟಿಲ್ಸ್ ತೆಗೀತಿದ್ರು, ಮ್ಯಾಗಜೀನ್ ಕೆಲಸ ಮಾಡ್ತಿದ್ರು. ಆದ್ರೆ ಮನಸ್ಸೆಲ್ಲ ಯಾರೂ ನಿಂತು ನೋಡದ ಜನರ ಮೇಲೆ.

1975ರಲ್ಲಿ ಒರೆಗಾನ್‌ನ ಸರ್ಕಾರಿ ಮಾನಸಿಕ ಆಸ್ಪತ್ರೆಯಲ್ಲಿ ಒಂದು ಸಿನಿಮಾ ಶೂಟಿಂಗ್ ನಡೀತಿತ್ತು, ಇವರು ಅಲ್ಲಿಗೆ ಸ್ಟಿಲ್ ಫೋಟೋಗ್ರಾಫರ್ ಆಗಿ ಹೋಗಿದ್ರು. ಅಲ್ಲೇ ಹೆಂಗಸರನ್ನ ಬೀಗ ಹಾಕಿ ಇಟ್ಟಿರೋ ವಾರ್ಡ್ 81 ಕಣ್ಣಿಗೆ ಬಿತ್ತು. ಬೇರೆಯವರಾಗಿದ್ರೆ ಎರಡು ರೀಲು ಕ್ಲಿಕ್ ಮಾಡ್ಕೊಂಡು ಬರ್ತಿದ್ರು. ಇವರು ಅನುಮತಿ ತಗೊಂಡು ಮುಂದಿನ ವರ್ಷ ವಾಪಸ್ ಹೋಗಿ ಅಲ್ಲೇ 36 ದಿನ ಇದ್ರು, ಒಬ್ಬ ಲೇಖಕಿ ಜೊತೆ. ಆ ಫೋಟೋಗಳಲ್ಲಿ ಆ ಹೆಂಗಸರು ಹಾಸಿಗೆ ಮೇಲೆ ಕೂತಿದಾರೆ, ಸ್ನಾನ ಮಾಡ್ತಿದಾರೆ, ಕೆಲವರು ನಗ್ತಿದಾರೆ. ಮೂವತ್ತಾರು ದಿನ ಅಂದ್ರೆ ಏನು ಅಂತ ಮದುವೆಮನೆ ಕೆಲಸ ಮಾಡಿದವರಿಗೆ ಗೊತ್ತಾಗುತ್ತೆ. ಮೊದಲ ದಿನ ಕ್ಯಾಮೆರಾ ಕಂಡ್ರೆ ಸೆರಗು ಸರಿಮಾಡ್ಕೊಳ್ಳೋ ಅತ್ತೆ ಚಿಕ್ಕಮ್ಮಂದಿರು ಎರಡನೇ ದಿನ ಸಂಜೆ ಹೊತ್ತಿಗೆ ನಾವೊಬ್ಬರಿದೀವಿ ಅನ್ನೋದನ್ನೇ ಮರೆತು ಜಗಳ ಆಡ್ತಿರ್ತಾರೆ, ಒಳ್ಳೇ ಫೋಟೋ ಸಿಗೋದೂ ಆಮೇಲೇನೇ.

ಮುಂಬೈನ ಫಾಕ್‌ಲ್ಯಾಂಡ್ ರೋಡಿನ ಕಥೆ ಇನ್ನೂ ದೊಡ್ಡದು. ವೇಶ್ಯಾವಾಟಿಕೆ ನಡೆಯೋ ಆ ಬೀದಿಗೆ ಅವರು ಮೊದಲು ಹೋಗಿದ್ದು 1968ರಲ್ಲಿ. ಹೆಂಗಸರು ಕಸ ಎಸೆದ್ರು, ನೀರು ಎರಚಿದ್ರು, ಗಂಡಸರು ಮುತ್ಕೊಂಡ್ರು, ಒಬ್ಬ ಕುಡುಕ ಮುಖಕ್ಕೇ ಹೊಡೆದ. ಹತ್ತು ವರ್ಷ, ಇಂಡಿಯಾಗೆ ಬಂದಾಗೆಲ್ಲ ಅಲ್ಲಿಗೆ ಹೋಗೋದು, ಬೈಸ್ಕೊಂಡು ಬರೋದು. 1978ರ ಅಕ್ಟೋಬರ್‌ನಲ್ಲಿ ಮತ್ತೆ ಬಂದು ದಿನಾ ಅದೇ ಬೀದಿಗೆ ಹೋಗ್ತಾ ಹೋಗ್ತಾ ಕೊನೆಗೆ ಒಬ್ಬೊಬ್ಬರೇ ಒಳಗೆ ಕರೆದ್ರು. ಮಾಮೂಲಿ ಕಪ್ಪುಬಿಳುಪು ಬಿಟ್ಟು ಅದನ್ನ ಕಲರಲ್ಲಿ ತೆಗೆದ್ರು, ಹಸಿರು ನೀಲಿ ಗೋಡೆ, ಹೂವಿನ ಪರದೆ, ಎಲ್ಲಾ ಕಣ್ಣಿಗೆ ಹೊಡೆಯೋ ಹಾಗಿದೆ. 1981ರಲ್ಲಿ ಪುಸ್ತಕ ಬಂತು.

ಈ ಪುಸ್ತಕದ ಬಗ್ಗೆ ನಂಗೆ ಸಮಾಧಾನ ಇಲ್ಲ ಅಂತಾನೂ ಹೇಳ್ಬೇಕು. ಅದರಲ್ಲಿ ತೀರಾ ಚಿಕ್ಕ ಹುಡುಗೀರಿದಾರೆ. ಅವರು ಒಪ್ಪಿದ್ರು ಅಂದ್ರೂ ಆ ವಯಸ್ಸಲ್ಲಿ, ಆ ಜಾಗದಲ್ಲಿ ಒಪ್ಪಿಗೆ ಅನ್ನೋ ಮಾತಿಗೆ ಏನರ್ಥ? ನ್ಯೂಯಾರ್ಕಿನ ಗೋಡೆ ಮೇಲೆ ತನ್ನ ಮುಖ ಇರುತ್ತೆ ಅಂತ ಆ ಹುಡುಗಿಗೆ ಹೇಗೆ ಗೊತ್ತಾಗ್ಬೇಕು? ಅವರ ಪ್ರೀತಿ ನಿಜ, ಅದರಲ್ಲಿ ನಂಗೆ ಅನುಮಾನ ಇಲ್ಲ, ಆದ್ರೂ ಕೆಲವು ಪುಟ ಇವತ್ತಿಗೂ ಬೇಗ ತಿರುಗಿಸ್ತೀನಿ.

ನಾನು ತುಂಬಾ ಹೊತ್ತು ನೋಡೋದು ಟೈನಿ ಅನ್ನೋ ಹುಡುಗಿಯ ಫೋಟೋಗಳನ್ನ. 1983ರಲ್ಲಿ ಲೈಫ್ ಮ್ಯಾಗಜೀನ್ ಇವರನ್ನ ಸಿಯಾಟಲ್‌ಗೆ ಕಳಿಸ್ತು, ಮನೆ ಬಿಟ್ಟು ಬೀದೀಲಿ ಬದುಕ್ತಿರೋ ಮಕ್ಕಳ ಬಗ್ಗೆ. ಅಲ್ಲಿ ಸಿಕ್ಕಿದ ಹದಿಮೂರು ವರ್ಷದ ಹುಡುಗಿ ಟೈನಿ. ಹ್ಯಾಲೋವೀನ್ ಹಬ್ಬದ ವೇಷದಲ್ಲಿರೋ ಅವಳ ಫೋಟೋ ಒಂದಿದೆ, ಕಪ್ಪು ಡ್ರೆಸ್ಸು, ಕೈಗೆ ಗ್ಲೌಸು, ಟೋಪಿಯಿಂದ ಮುಖದ ಮೇಲೆ ಇಳಿಬಿದ್ದ ಕಪ್ಪು ಬಲೆ. ಕೈ ಕಟ್ಕೊಂಡು ನಿಂತಿದಾಳೆ, ತುಟಿ ಬಿಗಿಯಾಗಿದೆ, ಬಲೆ ಹಿಂದಿನ ಕಣ್ಣು ಮಾತ್ರ ಮಗೂದು. ಮೇರಿಯವರ ಗಂಡ ಮಾರ್ಟಿನ್ ಬೆಲ್ ಆ ಮಕ್ಕಳ ಮೇಲೆ ಡಾಕ್ಯುಮೆಂಟರಿ ಮಾಡಿದ್ರು, ಆಸ್ಕರ್ ನಾಮಿನೇಷನ್ನೂ ಆಯ್ತು. ನಮ್ಮ ಜೊತೆ ನ್ಯೂಯಾರ್ಕಿಗೆ ಬಾ, ಆದ್ರೆ ಸ್ಕೂಲಿಗೆ ಹೋಗ್ಬೇಕು ಅಂತ ಗಂಡ ಹೆಂಡತಿ ಇಬ್ಬರೂ ಅವಳನ್ನ ಕರೆದ್ರು. ಅವಳು ಬರಲ್ಲ ಅಂದ್ಳು.

ಅಷ್ಟಾದ್ರೂ ಇವರು ಬಿಡಲಿಲ್ಲ. ಮೂವತ್ತು ವರ್ಷ ಹೋಗ್ತಾ ಬರ್ತಾ ಇದ್ರು. ಅವಳು ಹತ್ತು ಮಕ್ಕಳ ತಾಯಿ ಆದ್ಳು, ಡ್ರಗ್ಸ್ ಚಟದಿಂದ ಒದ್ದಾಡಿದ್ಳು, ದಪ್ಪಗಾದ್ಳು, ಮುಖ ಬದಲಾಯ್ತು, ಎಲ್ಲಾನೂ ಫೋಟೋದಲ್ಲಿದೆ. ಫೋಟೋ ಅವಳ ಬದುಕನ್ನ ಸರಿಮಾಡಲಿಲ್ಲ, ಅದು ನಿಜ. ಆದ್ರೆ ಅವಳನ್ನ ಹದಿಮೂರು ವರ್ಷದ ಚಂದದ ಪೋಸ್ಟರ್ ಮಾಡಿ ಅಲ್ಲಿಗೇ ಬಿಟ್ಟು ಬರಲಿಲ್ಲವಲ್ಲ, ನಂಗೆ ದೊಡ್ಡದಾಗಿ ಕಾಣೋದು ಅದು. ಲಾಸ್ ಏಂಜಲಿಸ್‌ನಲ್ಲಿ ಕಾರಲ್ಲೇ ವಾಸ ಇದ್ದ ಒಂದು ಸಂಸಾರದ ಫೋಟೋ 1987ರಲ್ಲಿ ತೆಗೆದಿದ್ರು, ಅವರನ್ನೂ 1994ರಲ್ಲಿ ಮತ್ತೆ ಹುಡುಕ್ಕೊಂಡು ಹೋದ್ರು.

ನಮ್ಮಲ್ಲೂ ಮೈಸೂರಿನ ಟಿ. ಎಸ್. ಸತ್ಯನ್ ಇದ್ರು, 1979ರಲ್ಲಿ ಅವರು ತೆಗೆದ ಮಕ್ಕಳ ಫೋಟೋಗಳು ವಿಶ್ವಸಂಸ್ಥೆ ಕಚೇರಿಯಲ್ಲೇ ಪ್ರದರ್ಶನ ಆಗಿತ್ತು. ಅವರ ಬಗ್ಗೆ ಬೇರೇನೇ ಬರೀಬೇಕು, ಒಂದು ಪ್ಯಾರಾದಲ್ಲಿ ಮುಗಿಸೋಕೆ ಮನಸ್ಸಿಲ್ಲ.

ಇಷ್ಟೆಲ್ಲ ಯಾಕೆ ಬರೀತಿದೀನಿ ಅಂದ್ರೆ, ರಾಣೆಬೆನ್ನೂರು ಹತ್ರ ನಮ್ಮ ಸೋದರಮಾವನ ಹೊಲದಲ್ಲಿ ಮೆಕ್ಕೆಜೋಳ ಕಟಾವಾದ ಮೇಲೆ ಪ್ರತಿ ವರ್ಷ ಕುರಿ ತರುಬಿಸ್ತಾರೆ, ಗೊಬ್ಬರಕ್ಕೆ. ಅದೇ ಕುರಿಗಾರರ ಮನೆತನ ಬರೋದು. ಮೂರು ವರ್ಷದ ಹಿಂದೆ ಅವರಲ್ಲಿ ಒಬ್ಬ ಅಜ್ಜಿ ಕಂಬಳಿ ಹೊದ್ದು ಒಲೆ ಮುಂದೆ ರೊಟ್ಟಿ ಬಡೀತಿದ್ರು, ಹೊಗೆ, ಸಂಜೆ ಬೆಳಕು, ಮುಖದ ತುಂಬ ಗೆರೆ. ಕ್ಲೋಸಪ್ ತೆಗೆದೆ. ಆ ಫೋಟೋ ಇನ್‌ಸ್ಟಾದಲ್ಲಿ ಹಾಕಿದ್ದಕ್ಕೆ ಸಿಕ್ಕಾಪಟ್ಟೆ ಲೈಕ್ ಬಂತು, ಒಂದು ಕಾಂಪಿಟಿಷನ್‌ನಲ್ಲಿ ಸಣ್ಣ ಬಹುಮಾನಾನೂ ಬಂತು. ಅಜ್ಜಿಗೆ ಮಾತ್ರ ಏನೂ ಕೊಟ್ಟಿರಲಿಲ್ಲ.

ಮೇರಿಯವರ ಫೋಟೋಗಳನ್ನ ನೋಡ್ತಾ ನೋಡ್ತಾ ಅದು ಚುಚ್ಚೋಕೆ ಶುರುವಾಯ್ತು. ಮುಂದಿನ ವರ್ಷ ಮಂದೆ ಬಂದಾಗ ದೊಡ್ಡ ಪ್ರಿಂಟ್ ಹಾಕಿಸಿ ತಗೊಂಡು ಹೋದೆ. ಅಜ್ಜಿ ಅದನ್ನ ದೂರ ಹಿಡಿದು, ಹತ್ತಿರ ಹಿಡಿದು, ತಿರುಗಿಸಿ ನೋಡಿದ್ರು.

"ಕಾಲು ಎಲ್ಲಿ ಅದಾವೋ ತಮ್ಮಾ?"

ನಂಗೆ ಉತ್ತರ ಹೊಳೀಲಿಲ್ಲ.

"ಅರ್ಧಕ್ಕ ಕಡದೀಯಲ್ಲೋ. ಹೊಲಸು ಕಂಬ್ಳಿ ಬ್ಯಾರೆ. ಒಂದ್ ಮಾತು ಹೇಳಿದ್ರ ಛಲೋ ಸೀರಿ ಉಟ್ಕೊಂತಿದ್ದಿಲ್ಲೇನು?"

ಆ ಪ್ರಿಂಟ್ ಅವರು ಇಟ್ಕೊಳ್ಳಲಿಲ್ಲ, ವಾಪಸ್ ಕೊಟ್ರು. ಒಂದು ಗಳಿಗೆ ಬಿಟ್ಟು ಗಂಟು ಬಿಚ್ಚಿ ಇಳಕಲ್ ಸೀರೆ ತೆಗೆದು ಉಟ್ಕೊಂಡು ಬಂದ್ರು, ಹಣೆಗೆ ಭಂಡಾರ ಹಚ್ಕೊಂಡ್ರು, ಕುರಿ ಕಾಯೋ ನಾಯೀನ ಪಕ್ಕಕ್ಕೆ ಕರ್ಕೊಂಡು ಮಿಲಿಟರಿಯವರ ಥರ ನೆಟ್ಟಗೆ ನಿಂತ್ರು. ನಾನು ಹತ್ತು ಹೆಜ್ಜೆ ಹಿಂದೆ ಸರಿದು ತಲೆಯಿಂದ ಚಪ್ಪಲಿವರೆಗೂ ಫ್ರೇಮಲ್ಲಿ ಹಿಡಿದೆ. ಮೊದಲ ಸಲ ಹೆಸರು ಕೇಳಿದೆ, ಪ್ರಿಂಟ್ ಹಿಂದೆ ಬರೆದು ಹೋದ ಮಾಗೀಲಿ ಕೊಟ್ಟೆ. ಹಳೇ ಕ್ಲೋಸಪ್‌ನ ಇನ್‌ಸ್ಟಾದಿಂದ ತೆಗೆದುಬಿಟ್ಟೆ, ಹೆಸರನ್ನ ಇಲ್ಲಿ ಬರೆಯೋದೂ ಬೇಡ ಅನ್ನಿಸ್ತು.

ಕುರಿ ಮಂದೆ ಈಗ ಹಾವೇರಿ ಆಚೆ ಇದೆಯಂತೆ. ಬಂದ ದಿನ ಫೋನ್ ಮಾಡ್ತೀನಿ ಅಂತ ಮಾವ ಹೇಳಿದಾರೆ. ಈ ಸಲ ಅಜ್ಜಿಯ ಮೊಮ್ಮಗಳ ಫೋಟೋ ತೆಗೀಬೇಕು, ಅವಳಿಗೆ ಸೈಕಲ್ ಜೊತೆ ಬೇಕಂತೆ.