ಚಾಲನಾ ಪರೀಕ್ಷೆ: ಕೈ ಕಲಿತರೂ ಕಣ್ಣು ಕಲಿತಿರದಿದ್ದಾಗ

ಚಾಲನಾ ಪರೀಕ್ಷೆಯಲ್ಲಿ ಅನುತ್ತೀರ್ಣರಾಗಿ ಬಂದವರನ್ನು ಏನಾಯಿತೆಂದು ಕೇಳಿದರೆ ಹೆಚ್ಚಿನವರು ಕೈಕಾಲಿನ ತಪ್ಪನ್ನೇ ಹೇಳುತ್ತಾರೆ. ಗಾಡಿ ಆಫ್ ಆಯಿತು, ಗೇರು ಸರಿಯಾಗಿ ಬೀಳಲಿಲ್ಲ, ರಿವರ್ಸ್ ತೆಗೆಯುವಾಗ ಕಂಬಕ್ಕೆ ತೀರ ಹತ್ತಿರವಾಯಿತು ಎಂಬಂಥ ಉತ್ತರಗಳು ಬರುತ್ತವೆ. ಹೊಸದಾಗಿ ಕಲಿಯುವವರ ಪಕ್ಕದ ಆಸನದಲ್ಲಿ ಕುಳಿತು ಅಭ್ಯಾಸ ಮಾಡಿಸುತ್ತ ಬಂದಿರುವ ನನಗೆ ಈ ಉತ್ತರ ಅರ್ಧ ಮಾತ್ರ ನಿಜವೆನಿಸುತ್ತದೆ. ಕ್ಲಚ್ಚು, ಬ್ರೇಕು, ಸ್ಟೀರಿಂಗ್‌ಗಳ ಹಿಡಿತ ಪರೀಕ್ಷೆಯ ಹೊತ್ತಿಗೆ ಬಹುತೇಕರಿಗೆ ಬಂದಿರುತ್ತದೆ. ಬಂದಿರದೇ ಇರುವುದು ಸರಿಯಾದ ಹೊತ್ತಿನಲ್ಲಿ ಸರಿಯಾದ ಕಡೆಗೆ ನೋಡುವ ಅಭ್ಯಾಸ. ಸೋಲಿಗೆ ಕಾರಣವಾಗುವ ತಪ್ಪುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದಾಗ, ಅವುಗಳಲ್ಲಿ ಹೆಚ್ಚಿನವು ನೋಡದೆ ನಿರ್ಧರಿಸಿದ್ದರಿಂದ ಅಥವಾ ನಿರ್ಧರಿಸಿಯಾದ ಮೇಲೆ ನೋಡಿದ್ದರಿಂದ ಆದವೆಂದು ತಿಳಿಯುತ್ತದೆ.

ಪರೀಕ್ಷಕರು ತಪ್ಪುಗಳನ್ನು ಹೇಗೆ ತೂಗುತ್ತಾರೆಂಬುದನ್ನು ಅರಿತರೆ ಇದು ಇನ್ನೂ ಸ್ಪಷ್ಟವಾಗುತ್ತದೆ. 1935ರಲ್ಲಿ ಚಾಲನಾ ಪರೀಕ್ಷೆಯನ್ನು ಕಡ್ಡಾಯಗೊಳಿಸಿದ ಬ್ರಿಟನ್ನಿನಲ್ಲಿ ಇಂದಿನ ಪದ್ಧತಿಯಂತೆ ಕಾರಿನ ಪರೀಕ್ಷೆಯಲ್ಲಿ 15ರವರೆಗಿನ ಸಣ್ಣ ತಪ್ಪುಗಳಿದ್ದರೂ ಅಭ್ಯರ್ಥಿ ತೇರ್ಗಡೆಯಾಗಬಹುದು. ಆದರೆ ಗಂಭೀರವಾದ ಅಥವಾ ಅಪಾಯಕಾರಿಯಾದ ತಪ್ಪು ಒಂದೇ ಒಂದಾದರೂ ಪರೀಕ್ಷೆ ಅಲ್ಲಿಗೆ ಕೈತಪ್ಪುತ್ತದೆ. ಅಂಕ ಕೊಡುವ ರೀತಿ ದೇಶದಿಂದ ದೇಶಕ್ಕೆ ಬೇರೆಯಾದರೂ ಈ ವಿವೇಚನೆ ಸಹಜವಾದದ್ದು. ಯಾರಿಗೂ ತೊಂದರೆಯಾಗದಂತೆ ಎಂಜಿನ್ ನಿಂತುಹೋದರೆ ಅದು ಕೌಶಲದ ಕೊರತೆ. ಎದುರಿನಿಂದ ಬರುವ ವಾಹನ ಬ್ರೇಕ್ ಒತ್ತಲೇಬೇಕಾಗುವಂತೆ ಅಡ್ಡರಸ್ತೆಯಿಂದ ನುಗ್ಗಿದರೆ ಅದು ಅಪಾಯ. ಪರೀಕ್ಷಕರೇ ಸ್ಟೀರಿಂಗ್ ಹಿಡಿಯುವ ಅಥವಾ ಬ್ರೇಕ್ ಒತ್ತುವ ಸಂದರ್ಭ ಬಂದರಂತೂ ಫಲಿತಾಂಶವನ್ನು ಬೇರೆಯಾಗಿ ಕೇಳಬೇಕಾಗಿಲ್ಲ.

ರಸ್ತೆಗಳು ಕೂಡುವ ಜಾಗದಲ್ಲಿ ಆಗುವ ತಪ್ಪುಗಳ ಬಗ್ಗೆ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ, ಏಕೆಂದರೆ ಅತಿ ಹೆಚ್ಚು ಮಂದಿ ಎಡವುವುದು ಅಲ್ಲಿಯೇ ಎಂಬುದು ನನ್ನ ಅನುಭವ. ಕಲಿಯುವವರು ಎರಡೂ ಬದಿಗೆ ತಲೆ ತಿರುಗಿಸುತ್ತಾರೆ ನಿಜ, ಆದರೆ ನೋಡಿರುವುದಿಲ್ಲ. ಕಣ್ಣು ಒಂದು ಬಿಂದುವಿನಿಂದ ಇನ್ನೊಂದಕ್ಕೆ ವೇಗವಾಗಿ ಹಾರುವಾಗ ನಡುವಿನ ದೃಶ್ಯವನ್ನು ಮಿದುಳು ಗ್ರಹಿಸುವುದಿಲ್ಲ. ಕಣ್ಣು ನಿಂತಲ್ಲಿ ಮಾತ್ರ ನೋಟ ದಕ್ಕುತ್ತದೆ. ಹಾಗಾಗಿ ಸರ್ರನೆ ಒಮ್ಮೆ ತಲೆ ಹೊರಳಿಸಿದವರಿಗೆ ರಸ್ತೆ ಖಾಲಿಯಿದೆಯೆಂದು ತೋರಿದರೂ ಆ ಹಾರಾಟದ ನಡುವೆ ಒಂದು ಬೈಕು ಇಡಿಯಾಗಿ ಕಳೆದುಹೋಗಿರಬಹುದು. ದೂರದಲ್ಲೊಮ್ಮೆ, ನಡುವಿನಲ್ಲೊಮ್ಮೆ, ಹತ್ತಿರದಲ್ಲೊಮ್ಮೆ ನೋಟವನ್ನು ನಿಲ್ಲಿಸಿ, ಎರಡೂ ಬದಿ ಮುಗಿದ ಮೇಲೆ ಮೊದಲು ನೋಡಿದ ಬದಿಯನ್ನು ಮತ್ತೊಮ್ಮೆ ನೋಡುವುದೇ ಇದಕ್ಕೆ ಪರಿಹಾರ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಬರುವ ವಾಹನ ಒಂದು ಸೆಕೆಂಡಿನಲ್ಲಿ ಸುಮಾರು 14 ಮೀಟರ್ ಮುಂದೆ ಬರುತ್ತದೆ. ಮೊದಲು ನೋಡಿದ ಬದಿಯ ಚಿತ್ರ ಮೂರು ಸೆಕೆಂಡು ಹಳೆಯದಾಗಿದ್ದರೆ ಅಷ್ಟರಲ್ಲಿ ಆ ವಾಹನ 40 ಮೀಟರಿಗಿಂತ ಹೆಚ್ಚು ದೂರವನ್ನು ದಾಟಿರುತ್ತದೆ.

ಮುಂಗಾಜಿನ ಎರಡೂ ಪಕ್ಕದ ಕಂಬಗಳನ್ನು ಬಹಳ ಕಡಿಮೆ ಮಂದಿ ಲೆಕ್ಕಕ್ಕೆ ಹಿಡಿಯುತ್ತಾರೆ. ಆ ಕಂಬದ ಮರೆಯಲ್ಲಿ ಪಾದಚಾರಿಯೊಬ್ಬರು ಪೂರ್ತಿಯಾಗಿ ಅಡಗಿಬಿಡಬಲ್ಲರು, ಸ್ವಲ್ಪ ದೂರದಲ್ಲಿರುವ ಬೈಕ್ ಸವಾರರೂ ಅಷ್ಟೇ. ಇನ್ನೂ ಕೆಟ್ಟ ಸಂಗತಿಯೆಂದರೆ, ನೀವೂ ಅವರೂ ಒಂದೇ ಬಿಂದುವಿನತ್ತ ಬದಲಾಗದ ವೇಗದಲ್ಲಿ ಸಾಗುತ್ತಿದ್ದರೆ ನಿಮ್ಮ ಕಣ್ಣಿಗೆ ಅವರಿರುವ ದಿಕ್ಕು ಬದಲಾಗುವುದೇ ಇಲ್ಲ. ಡಿಕ್ಕಿಯ ಕ್ಷಣದವರೆಗೂ ಅವರು ಆ ಕಂಬದ ಹಿಂದೆಯೇ ಉಳಿಯಬಹುದು. ಆದ್ದರಿಂದ ತಿರುವಿನಲ್ಲಿಯೂ ಕೂಡುರಸ್ತೆಯಲ್ಲಿಯೂ ಆಸನದಲ್ಲಿ ತುಸು ಮುಂದಕ್ಕೂ ಹಿಂದಕ್ಕೂ ಬಾಗಿ ಕಂಬದ ಆಚೆ ನೋಡಬೇಕು. ಇದನ್ನು ಕಲಿಸದೆ ಪರೀಕ್ಷೆಗೆ ಕಳಿಸುವುದು ಕಲಿಯುವವರಿಗೆ ಮಾಡುವ ಅನ್ಯಾಯವೆಂದೇ ನಾನು ತಿಳಿಯುತ್ತೇನೆ.

ಕನ್ನಡಿಯ ವಿಷಯದಲ್ಲಿ ತಪ್ಪಾಗುವುದು ಬಹುಪಾಲು ಅನುಕ್ರಮದಲ್ಲಿ. ಕನ್ನಡಿ ನೋಡಿ, ಇಂಡಿಕೇಟರ್ ಹಾಕಿ, ಆಮೇಲೆ ವೇಗವನ್ನೋ ದಿಕ್ಕನ್ನೋ ಬದಲಿಸಬೇಕೆಂಬುದು ಎಲ್ಲರಿಗೂ ಬಾಯಿಪಾಠವಾಗಿರುತ್ತದೆ. ಆದರೆ ರಸ್ತೆಗಿಳಿದಾಗ ಮೊದಲು ಇಂಡಿಕೇಟರ್ ಹಾಕಿ, ಸ್ಟೀರಿಂಗ್ ತಿರುಗಿಸುತ್ತ ಕನ್ನಡಿಯತ್ತ ಕಣ್ಣು ಹಾಯಿಸುವವರೇ ಹೆಚ್ಚು. ಪಕ್ಕದಲ್ಲಿ ಕುಳಿತವರಿಗೆ ಈ ವ್ಯತ್ಯಾಸ ಢಾಳಾಗಿ ಕಾಣುತ್ತದೆ, ಏಕೆಂದರೆ ಕನ್ನಡಿಯಲ್ಲಿ ಏನೇ ಕಂಡರೂ ಚಾಲಕರ ಮುಂದಿನ ನಡೆ ಬದಲಾಗುವ ಸಾಧ್ಯತೆ ಆಗ ಉಳಿದಿರುವುದಿಲ್ಲ. ವೇಗ ತಗ್ಗಿಸುವ ಮುನ್ನ ಹಿಂದೆ ಯಾರಿದ್ದಾರೆಂದು ನೋಡುವುದನ್ನಂತೂ ಬಹಳಷ್ಟು ಮಂದಿ ಪೂರ್ತಿ ಮರೆಯುತ್ತಾರೆ. ಹೊರಗಿನ ಕನ್ನಡಿಗಳು ಸಾಮಾನ್ಯವಾಗಿ ಉಬ್ಬಿದ ಗಾಜಿನವಾಗಿದ್ದು, ಹೆಚ್ಚು ಅಗಲದ ನೋಟ ಕೊಡುತ್ತವೆಯಾದರೂ ಹಿಂದಿನ ವಾಹನವನ್ನು ಚಿಕ್ಕದಾಗಿಯೂ ದೂರವಿರುವಂತೆಯೂ ತೋರಿಸುತ್ತವೆ; ಒಳಗಿನ ಕನ್ನಡಿಯೊಂದಿಗೆ ಹೋಲಿಸಿ ನೋಡಿದಾಗಲೇ ನಿಜವಾದ ಅಂತರ ತಿಳಿಯುವುದು. ಈ ಮೂರೂ ಕನ್ನಡಿಗಳಿಗೆ ಸಿಗದ ಜಾಗವೊಂದು ಭುಜದ ಹಿಂದೆ ಉಳಿದೇ ಇರುತ್ತದೆ. ನಿಂತಲ್ಲಿಂದ ಹೊರಡುವಾಗ ಮತ್ತು ಲೇನ್ ಬದಲಿಸುವಾಗ ತಲೆ ತಿರುಗಿಸಿ ಅದನ್ನು ನೋಡದಿದ್ದರೆ ಪರೀಕ್ಷಕರು ತಪ್ಪು ಬರೆಯುವುದು ಖಚಿತ. ಕೆಲವು ತರಬೇತುದಾರರು ಪರೀಕ್ಷಕರಿಗೆ ಕಾಣಿಸಲೆಂದು ತಲೆಯನ್ನು ಜೋರಾಗಿ ಅಲ್ಲಾಡಿಸುವಂತೆ ಹೇಳಿಕೊಡುತ್ತಾರೆ. ನನಗೆ ಈ ಸಲಹೆ ಸರಿಕಾಣುವುದಿಲ್ಲ. ನೋಡಿದ್ದಕ್ಕೆ ಸಾಕ್ಷಿ ಅದಾದ ಮೇಲಿನ ನಡೆಯಲ್ಲಿರುತ್ತದೆ: ಹಿಂದೆ ಬೈಕು ಬರುತ್ತಿರುವುದನ್ನು ಕಂಡವರು ಕಾಯುತ್ತಾರೆ.

ಇಂಡಿಕೇಟರ್ ಹಾಕುವುದನ್ನು ಮರೆಯುವುದಕ್ಕಿಂತ ಅದನ್ನು ತಪ್ಪು ಹೊತ್ತಿನಲ್ಲಿ ಹಾಕುವುದು ಅಥವಾ ತಿರುವು ಮುಗಿದ ಮೇಲೂ ಹಾಗೆಯೇ ಬಿಡುವುದು ಹೆಚ್ಚು ಅಪಾಯಕಾರಿ. ತಿರುಗಬೇಕಾದ ರಸ್ತೆಗಿಂತ ಮುಂಚೆ ಇನ್ನೊಂದು ರಸ್ತೆಯಿದ್ದರೆ, ಬೇಗ ಮಿನುಗುವ ಇಂಡಿಕೇಟರನ್ನು ನೋಡಿದ ಮತ್ತೊಬ್ಬ ಚಾಲಕರು ನೀವು ಅಲ್ಲಿಯೇ ತಿರುಗುವಿರೆಂದು ನಂಬಿ ಮುಂದೆ ಬರಬಹುದು. ಅದೇ ರೀತಿ, ಪಾದಚಾರಿಗಳಿಗೆ ಕೈಸನ್ನೆ ಮಾಡಿ ದಾಟಿರೆಂದು ಹೇಳುವುದು ಸೌಜನ್ಯವೆನಿಸಿದರೂ ಪರೀಕ್ಷೆಯಲ್ಲಿ ಅದನ್ನು ಮಾಡಬಾರದು; ಪಕ್ಕದ ಲೇನಿನಲ್ಲಿ ಬರುವವರೂ ನಿಲ್ಲುತ್ತಾರೆಂಬ ಭರವಸೆಯನ್ನು ನಿಮ್ಮ ಕೈ ಕೊಡಲಾರದು. ಪಟ್ಟೆಗೆ ಮುಂಚೆ ನಿಂತು, ಅವರೇ ನೋಡಿಕೊಂಡು ದಾಟಲು ಬಿಡಬೇಕು.

ನಿಲ್ಲಿ ಎಂಬ ಫಲಕವಿರುವಲ್ಲಿ ಚಕ್ರಗಳು ಪೂರ್ತಿ ನಿಲ್ಲಬೇಕು. ರಸ್ತೆ ಖಾಲಿಯಿದೆಯೆಂದು ನಡಿಗೆಯ ವೇಗಕ್ಕಿಳಿಸಿ ಉರುಳಿಕೊಂಡೇ ಮುಂದೆ ಹೋಗುವುದು ದಿನನಿತ್ಯ ಗಾಡಿ ಓಡಿಸುವವರಿಂದ ಅಂಟಿಕೊಳ್ಳುವ ಚಾಳಿ. ನಿಂತೆನೆಂದು ಚಾಲಕರಿಗೆ ಅನಿಸಿದರೂ ಪರೀಕ್ಷಕರಿಗೆ ಚಕ್ರ ಉರುಳುತ್ತಿರುವುದು ತಿಳಿಯುತ್ತದೆ. ಹಳದಿ ದೀಪ ಬಂದಾಗ ವೇಗ ಹೆಚ್ಚಿಸುವವರೂ ಇದೇ ಚಾಳಿಯವರು. ವೇಗದ ಮಿತಿಯನ್ನು ಮೀರಿದರೆ ಸೋಲುವುದು ಎಲ್ಲರಿಗೂ ಗೊತ್ತು, ಆದರೆ ಕಾರಣವಿಲ್ಲದ ಹಿಂಜರಿಕೆಯೂ ತಪ್ಪೆಂಬುದು ಅನೇಕರಿಗೆ ಗೊತ್ತಿಲ್ಲ. ವೃತ್ತದ ಅಂಚಿನಲ್ಲಿ ನಿಂತು, ಸುರಕ್ಷಿತವಾಗಿ ಸೇರಬಹುದಾದ ಅವಕಾಶಗಳನ್ನೆಲ್ಲ ಒಂದೊಂದಾಗಿ ಬಿಟ್ಟುಕೊಡುತ್ತ ಹೋದರೆ, ಮುಂದಿನ ವಾಹನದ ವೇಗವನ್ನೂ ದೂರವನ್ನೂ ಅಳೆಯಲು ಬರುವುದಿಲ್ಲವೆಂಬುದನ್ನೇ ತೋರಿಸಿದಂತಾಗುತ್ತದೆ. ಮುಂದಿನ ವಾಹನಕ್ಕೂ ತನಗೂ ಕನಿಷ್ಠ ಎರಡು ಸೆಕೆಂಡುಗಳ ಅಂತರವಿರಬೇಕೆಂಬುದು ಒಣ ರಸ್ತೆಯ ಲೆಕ್ಕ; ಮಳೆಯಲ್ಲಿ ಅದನ್ನು ಇಮ್ಮಡಿಯಾಗಿಸಬೇಕು. ವೇಗ ಎರಡು ಪಟ್ಟಾದರೆ ಬ್ರೇಕ್ ಹಿಡಿದ ಮೇಲೆ ಸಾಗುವ ದೂರ ನಾಲ್ಕು ಪಟ್ಟಾಗುತ್ತದೆಂಬುದನ್ನು ಲಿಖಿತ ಪರೀಕ್ಷೆಗಾಗಿ ಓದಿದವರೂ ರಸ್ತೆಯಲ್ಲಿ ಮುಂದಿನ ಗಾಡಿಗೆ ಅಂಟಿಕೊಂಡೇ ಹೋಗುವುದನ್ನು ನೋಡಿದಾಗ ನನಗೆ ನಿಜಕ್ಕೂ ಆತಂಕವಾಗುತ್ತದೆ.

ಗಾಡಿ ಆಫ್ ಆದಾಗ ಅಪಾಯ ತರುವುದು ಆಮೇಲಿನ ಗಡಿಬಿಡಿ. ಹಿಂದಿನವರು ಹಾರ್ನ್ ಹಾಕುತ್ತಿದ್ದಂತೆ ಗೇರಿನಲ್ಲಿಯೇ ಕೀಲಿ ತಿರುಗಿಸಿ, ಗಾಡಿ ಜಿಗಿದು, ಸುತ್ತ ಏನಾಗಿದೆಯೆಂದು ನೋಡದೆ ಹೊರಟುಬಿಡುತ್ತಾರೆ. ಬ್ರೇಕ್ ಹಿಡಿದು, ನ್ಯೂಟ್ರಲ್ ಮಾಡಿ ಅಥವಾ ಕ್ಲಚ್ಚನ್ನು ಪೂರ್ತಿ ಒತ್ತಿ, ಸ್ಟಾರ್ಟ್ ಮಾಡಿ, ಮತ್ತೆ ಸುತ್ತಲೂ ನೋಡಿ ಹೊರಟರೆ ಹೆಚ್ಚೆಂದರೆ ಅದೊಂದು ಸಣ್ಣ ತಪ್ಪಾಗಿ ಉಳಿಯುತ್ತದೆ. ಏರಿನಲ್ಲಿ ಹಿಂದಕ್ಕೆ ಜಾರುವುದು ಮಾತ್ರ ಬೇರೆ ಮಾತು. ಹ್ಯಾಂಡ್ ಬ್ರೇಕ್ ಹಾಕಿಟ್ಟು, ಹಾಫ್ ಕ್ಲಚ್ಚಿನಲ್ಲಿ ಎಂಜಿನ್ನಿನ ಸದ್ದು ತಗ್ಗಿ ಗಾಡಿಯ ಮೂತಿ ತುಸು ಮೇಲೇಳುವವರೆಗೆ ಕಾದು, ಆಮೇಲೆ ಬ್ರೇಕ್ ಬಿಡುವ ತಾಳ್ಮೆಯನ್ನು ಮುಂಚೆಯೇ ರೂಢಿಸಿಕೊಂಡಿರಬೇಕು.

ರಿವರ್ಸ್ ಮತ್ತು ಪಾರ್ಕಿಂಗ್‌ನಲ್ಲಿ ವೇಗವೇ ಮೊದಲ ಶತ್ರು. ಹಾಫ್ ಕ್ಲಚ್ಚಿನಲ್ಲಿ ನಡಿಗೆಗಿಂತ ನಿಧಾನವಾಗಿ ಚಲಿಸಿದರೆ ಸ್ಟೀರಿಂಗನ್ನು ತಿದ್ದಲು ಸಮಯ ಸಿಗುತ್ತದೆ. ಹಿಂದೆ ಸರಿಯುತ್ತ ತಿರುಗಿಸಿದಾಗ ಗಾಡಿಯ ಮೂತಿ ಹೊರಕ್ಕೆ ಬೀಸುತ್ತದೆ. ಹಿಂದಿನ ಕಂಬದ ಮೇಲೆಯೇ ಕಣ್ಣು ನೆಟ್ಟವರು ಮುಂದಿನ ಮೂಲೆಯನ್ನು ತಾಗಿಸುವುದು ಇದರಿಂದಲೇ. ಹಿಂದಿನ ಕ್ಯಾಮೆರಾದ ಪರದೆಯನ್ನು ಮಾತ್ರ ನೋಡುತ್ತ ಹಿಂದೆ ಬರುವುದು ಇತ್ತೀಚೆಗೆ ಹೆಚ್ಚಾಗುತ್ತಿರುವ ತಪ್ಪು. ಪಕ್ಕದಿಂದ ನಡೆದುಬರುವ ಮಗು ಆ ಪರದೆಯೊಳಕ್ಕೆ ಬರುವ ಹೊತ್ತಿಗೆ ಬಹಳ ಹತ್ತಿರ ಬಂದಿರುತ್ತದೆ.

ಪರೀಕ್ಷಕರ ಸೂಚನೆಯ ಬಗ್ಗೆ ಒಂದು ತಪ್ಪು ತಿಳಿವಳಿಕೆ ಅನೇಕರ ಪರೀಕ್ಷೆಯನ್ನು ಕೆಡಿಸಿದೆ. ಬಲಕ್ಕೆ ತಿರುಗಿ ಎಂದಾಗ ಅದನ್ನು ಪಾಲಿಸದಿದ್ದರೆ ಸೋತೆವೆಂದು ಭಾವಿಸಿ, ತಪ್ಪು ಲೇನಿನಲ್ಲಿದ್ದರೂ ಕೊನೆಯ ಕ್ಷಣದಲ್ಲಿ ಅಡ್ಡಡ್ಡ ನುಗ್ಗುತ್ತಾರೆ. ರಸ್ತೆಯ ಮೇಲಿನ ಪರೀಕ್ಷೆ ಚಾಲನೆಯನ್ನು ಅಳೆಯುವುದಕ್ಕಿದೆಯೇ ಹೊರತು ದಾರಿ ಹುಡುಕುವ ಜಾಣತನವನ್ನಲ್ಲ. ಇಂಡಿಕೇಟರ್ ಹಾಕಿದ ದಿಕ್ಕಿಗೇ, ಇರುವ ಲೇನಿನಲ್ಲಿಯೇ ಸುರಕ್ಷಿತವಾಗಿ ಸಾಗಿದರೆ ಪರೀಕ್ಷಕರು ಇನ್ನೊಂದು ದಾರಿ ಹೇಳುತ್ತಾರೆ. ಸೂಚನೆ ಕೇಳಿಸದಿದ್ದರೆ ಮತ್ತೊಮ್ಮೆ ಹೇಳುವಂತೆ ವಿನಂತಿಸುವುದರಲ್ಲಿಯೂ ತಪ್ಪಿಲ್ಲ.

ಪರೀಕ್ಷಕರ ಮೌನವನ್ನು ತಡೆದುಕೊಳ್ಳುವ ಅಭ್ಯಾಸ ಎಷ್ಟು ಮುಖ್ಯವೆಂಬುದನ್ನು ಕಲಿಸುವವರೂ ಸಾಕಷ್ಟು ಗಮನಿಸುವುದಿಲ್ಲ. ತರಬೇತಿಯುದ್ದಕ್ಕೂ ಪಕ್ಕದಲ್ಲಿ ಕುಳಿತವರು ಕನ್ನಡಿ ನೋಡು, ಗೇರು ಇಳಿಸು, ಬ್ರೇಕ್ ಹಿಡಿ ಎನ್ನುತ್ತಲೇ ಇರುತ್ತಾರೆ. ಕಲಿಯುವವರು ರಸ್ತೆಯನ್ನು ಓದುವ ಬದಲು ಆ ಧ್ವನಿಗೆ ಉತ್ತರ ಕೊಡುವುದನ್ನು ಕಲಿತಿರುತ್ತಾರೆ. ಪರೀಕ್ಷೆಯ ದಿನ ಆ ಧ್ವನಿ ಇಲ್ಲವಾದಾಗ ನಿರ್ಧಾರದ ಪ್ರತಿಯೊಂದು ಹೆಜ್ಜೆಯೂ ತಡವಾಗುತ್ತದೆ, ಮತ್ತು ಆ ಮೌನವನ್ನೇ ಅವರು ಪರೀಕ್ಷಕರ ಅಸಮಾಧಾನವೆಂದು ತಿಳಿಯುತ್ತಾರೆ. ಒಂದು ಸಣ್ಣ ತಪ್ಪಾದೊಡನೆ ಮನಸ್ಸು ಅಲ್ಲಿಯೇ ನಿಂತುಬಿಡುತ್ತದೆ. ಮುಂದಿನ ತಿರುವಿನಲ್ಲಿ ಆಗುವ ದೊಡ್ಡ ತಪ್ಪಿಗೆ ಹಿಂದಿನ ತಿರುವಿನ ಚಿಂತೆಯೇ ಕಾರಣವಾಗಿರುತ್ತದೆ. ಹೆದರಿದ ಕಣ್ಣು ಬಾನೆಟ್ಟಿನ ಮುಂದಿನ ತುಂಡು ರಸ್ತೆಗೆ ಕಟ್ಟಿಹಾಕಿದಂತಾಗುವುದನ್ನೂ ನಾನು ಕಂಡಿದ್ದೇನೆ. ಆದ್ದರಿಂದ ಪರೀಕ್ಷೆಗೆ ಕೆಲವು ವಾರ ಮುಂಚಿನಿಂದಲೇ, ಅಪಾಯವಿಲ್ಲದ ಹೊರತು ಬಾಯಿ ಬಿಡದೆ ಕುಳಿತು ಅಭ್ಯಾಸ ಮಾಡಿಸುವುದನ್ನು ನಾನು ರೂಢಿಸಿಕೊಂಡಿದ್ದೇನೆ. ಪರಿಚಯವಿಲ್ಲದ ರಸ್ತೆಗಳಲ್ಲಿ ಓಡಿಸುವುದೂ ಅಷ್ಟೇ ಅಗತ್ಯ, ಏಕೆಂದರೆ ಪರೀಕ್ಷೆಯ ಮಾರ್ಗವನ್ನು ಗುರುತು ಹಿಡಿದು ಉರು ಹೊಡೆದವರು ಅಲ್ಲೊಂದು ಲಾರಿ ನಿಂತಿದ್ದರೂ ಏನು ಮಾಡಬೇಕೆಂದು ತಿಳಿಯದೆ ತಬ್ಬಿಬ್ಬಾಗುತ್ತಾರೆ.

ದ್ವಿಚಕ್ರ ವಾಹನದ ಪರೀಕ್ಷೆಯಲ್ಲಿ ಎಂಟರ ಆಕಾರದಲ್ಲಿ ಓಡಿಸುವಾಗ ಕಾಲು ನೆಲಕ್ಕೂರುವುದಕ್ಕೂ ಕಾರಣ ಮತ್ತೆ ನೋಟವೇ. ಮುಂದಿನ ಚಕ್ರವನ್ನೇ ನೋಡುತ್ತಿದ್ದರೆ ಗಾಡಿ ತೂಗಾಡುತ್ತದೆ. ಸುತ್ತಿನಲ್ಲಿ ತಾನು ಮುಂದೆ ತಲುಪಬೇಕಾದ ಜಾಗವನ್ನು ತಲೆ ತಿರುಗಿಸಿ ನೋಡಿದರೆ ಹ್ಯಾಂಡಲ್ ಅದನ್ನು ಹಿಂಬಾಲಿಸುತ್ತದೆ. ಎಂಜಿನ್ನಿಗೆ ಸ್ವಲ್ಪ ಹೆಚ್ಚು ಶಕ್ತಿ ಕೊಟ್ಟು, ಹಾಫ್ ಕ್ಲಚ್ಚಿನಲ್ಲಿ ಅದನ್ನು ಹದಗೊಳಿಸಿ, ಹಿಂದಿನ ಬ್ರೇಕನ್ನು ಹಗುರವಾಗಿ ಒತ್ತಿ ಹಿಡಿದರೆ ಗಾಡಿ ಎಷ್ಟು ನಿಧಾನದಲ್ಲಿಯೂ ನಿಲ್ಲುತ್ತದೆ. ಹ್ಯಾಂಡಲ್ ತಿರುಗಿರುವಾಗ ಮುಂದಿನ ಬ್ರೇಕನ್ನು ಗಟ್ಟಿಯಾಗಿ ಹಿಡಿದವರು ಬೀಳುವುದೇ ಹೆಚ್ಚು.

ಹೊರಡುವ ಮುನ್ನ ಆಸನ, ಕನ್ನಡಿ, ಸೀಟ್ ಬೆಲ್ಟ್ ಅಥವಾ ಹೆಲ್ಮೆಟ್ಟಿನ ಪಟ್ಟಿ, ದೀಪಗಳು, ಕಾಗದಪತ್ರಗಳು ಇವನ್ನೆಲ್ಲ ನೋಡಿಕೊಳ್ಳಬೇಕೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅನುತ್ತೀರ್ಣರಾದವರಿಗೆ ನಾನು ಕೇಳಿಕೊಳ್ಳುವುದಿಷ್ಟು: ಪರೀಕ್ಷಕರು ತಪ್ಪುಗಳನ್ನು ಬರೆದುಕೊಟ್ಟಿದ್ದರೆ ಆ ಹಾಳೆಯನ್ನು ಬೇಸರದಲ್ಲಿ ಮಡಚಿಡದೆ, ಪ್ರತಿಯೊಂದು ತಪ್ಪೂ ಯಾವ ಜಾಗದಲ್ಲಿ, ಯಾವ ಸಂದರ್ಭದಲ್ಲಿ ಆಯಿತೆಂದು ಅಲ್ಲಿಯೇ ಕೇಳಿ ಬರೆದುಕೊಳ್ಳಿ. ಕೂಡುರಸ್ತೆ, ಲೇನ್, ಪಾರ್ಕಿಂಗ್ ಎಂದು ಬೇರೆ ಬೇರೆ ಹೆಸರಿನಡಿ ದಾಖಲಾಗಿದ್ದರೂ, ಆ ಮೂರು ಕಡೆಯಲ್ಲಿಯೂ ಭುಜದ ಹಿಂದೆ ನೋಡದಿದ್ದುದೊಂದೇ ಕಾರಣವಾಗಿರಬಹುದು. ಮುಂದಿನ ಪರೀಕ್ಷೆಯವರೆಗಿನ ಅಭ್ಯಾಸದಲ್ಲಿ ಮೂರು ವಿಷಯಗಳನ್ನು ಬೇರೆ ಬೇರೆಯಾಗಿ ತಿದ್ದುವ ಬದಲು ಆ ಒಂದನ್ನು, ಪ್ರತಿ ಸಲ ಗಾಡಿ ಹೊರಡಿಸುವಾಗಲೂ, ತಿದ್ದಿಕೊಳ್ಳಬಹುದು.